ಲೂವಿನ್ ಸಹೋದರರ ಯುಗಳಗಾಯನ

ಅಮೆರಿಕದ ದಕ್ಷಿಣ ಸಂಸ್ಥಾನಗಳ ಹಳ್ಳಿಗರ ಹಾಡುಗಳಿಂದ ಬೆಳೆದು, ರೇಡಿಯೋ ಮತ್ತು ಗ್ರಾಮಫೋನುಗಳ ಮೂಲಕ ವಿಸ್ತಾರವಾಗಿ ಹರಡಿದ ಸಂಗೀತಕ್ಕೆ ‘ಕಂಟ್ರಿ’ ಸಂಗೀತವೆಂದು ಹೆಸರು. 1930ರ ದಶಕದಲ್ಲಿ ಅಣ್ಣತಮ್ಮಂದಿರಿಬ್ಬರು ಕೂಡಿ ಹಾಡುವ ಪದ್ಧತಿಯು ಇದರಲ್ಲಿ ನೆಲೆಗೊಂಡಿತು. ಡೆಲ್ಮೋರ್ ಮತ್ತು ಮನ್ರೋ ಸಹೋದರರು ರೂಢಿಸಿದ ಈ ಪದ್ಧತಿಯ ಪರಿಪಕ್ವ ರೂಪವನ್ನು ನಾವು ಲೂವಿನ್ ಸಹೋದರರಲ್ಲಿ ಕಾಣುತ್ತೇವೆ. ಒಡಹುಟ್ಟಿದವರೆಂಬ ಸಂಬಂಧವು ಅವರ ಕಲೆಗೆ ನೀಡಿದುದೇನು, ಅದನ್ನು ಕಾಪಾಡಲು ಎಷ್ಟರಮಟ್ಟಿಗೆ ಸಮರ್ಥವಾಯಿತು ಎಂಬುದೇ ಪ್ರಕೃತ ವಿವೇಚನೆಯ ವಿಷಯ.

ಐರಾ 1924ರಲ್ಲಿಯೂ ಚಾರ್ಲಿ 1927ರಲ್ಲಿಯೂ ಜನಿಸಿದರು. ಇವರ ಮನೆತನದ ಹೆಸರು ಲೌಡರ್‌ಮಿಲ್ಕ್. ‘ಲೂವಿನ್’ ಎಂಬುದು ವೃತ್ತಿಗಾಗಿ ಇರಿಸಿಕೊಂಡ ಹೆಸರು. ಅಲಬಾಮದ ಸ್ಯಾಂಡ್ ಮೌಂಟನ್ ಪ್ರದೇಶದ ಬೇಸಾಯಗಾರರ ಮನೆಯಲ್ಲಿ ಅವರು ಬೆಳೆದರು. ಆ ಸೀಮೆಯಲ್ಲಿ, 1844ರಲ್ಲಿ ಪ್ರಕಟವಾದ ‘ಸೇಕ್ರೆಡ್ ಹಾರ್ಪ್’ ಎಂಬ ಸ್ತೋತ್ರಸಂಗ್ರಹವನ್ನು ವಾದ್ಯವಿಲ್ಲದೆ ಸಾಮೂಹಿಕವಾಗಿ ಹಾಡುವ ವಾಡಿಕೆಯಿತ್ತು. ಅದರಲ್ಲಿ ತ್ರಿಕೋನ, ವೃತ್ತ, ಚೌಕ, ವಜ್ರ ಎಂಬ ಆಕೃತಿಗಳು ಸ್ವರಗಳನ್ನು ಸೂಚಿಸುತ್ತವೆ. ಗಾಯಕರು ನಾಲ್ಕು ಗುಂಪುಗಳಾಗಿ ಚೌಕಾಕಾರದಲ್ಲಿ ಕುಳಿತು, ಮೊದಲು ಸ್ವರಾಕ್ಷರಗಳನ್ನೂ ಅನಂತರ ಸಾಹಿತ್ಯವನ್ನೂ ಹಾಡುತ್ತಾರೆ; ನಮ್ಮ ಗೀತಪಾಠದ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ನಮ್ಮಲ್ಲಿ ಇಬ್ಬರು ಕೂಡಿ ಹಾಡುವಾಗ ಸಾಮಾನ್ಯವಾಗಿ ಒಂದೇ ಸ್ವರಸಂಚಾರವನ್ನು ಅನುಸರಿಸುತ್ತಾರೆ. ಅಲ್ಲಿ ಪ್ರತಿಯೊಂದು ಗುಂಪಿಗೂ ಬೇರೆಯ ಸಂಚಾರವಿದೆ.

ಸಹೋದರರ ಗಾಯನದ ತಳಹದಿ ಇದೇ. ಚಾರ್ಲಿಯು ಗಿಟಾರ್ ನುಡಿಸುತ್ತ ಮೂಲರಾಗವನ್ನು ಹಾಡಿದರೆ, ಮ್ಯಾಂಡೊಲಿನ್ ವಾದಕನಾದ ಐರಾ ಅದರ ಮೇಲಣ ಸ್ಥಾಯಿಯಲ್ಲಿ ಜೊತೆಗೂಡುತ್ತಿದ್ದನು. ಹಾಡಿನ ನಡುವೆ ಇಬ್ಬರೂ ಈ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡರೂ ಕೇಳುಗರಿಗೆ ಅದರ ಅರಿವಾಗುತ್ತಿರಲಿಲ್ಲ. ಒಂದೇ ಮನೆಯ ಮಾತು, ಒಂದೇ ಬಗೆಯ ಸ್ವರೋಚ್ಚಾರಣೆ, ಬಾಲ್ಯದಿಂದ ಬಂದ ಅಭ್ಯಾಸ ಇವೇ ಆ ಐಕ್ಯಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ.

1952ರಲ್ಲಿ ಅವರು ಕ್ಯಾಪಿಟಲ್ ಸಂಸ್ಥೆಯನ್ನು ಸೇರಿದರು. ಮೊದಲಲ್ಲಿ ಭಕ್ತಿಗೀತೆಗಳಿಗೆ ಹೆಸರಾಗಿದ್ದ ಇವರು 1955ರಲ್ಲಿ ನ್ಯಾಶ್‌ವಿಲ್ಲಿನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೋ ಕಾರ್ಯಕ್ರಮದ ಸದಸ್ಯರಾಗಿ, ಲೌಕಿಕ ಪ್ರೇಮಗೀತೆಗಳಲ್ಲಿಯೂ ಕೀರ್ತಿ ಪಡೆದರು. ಮರುವರ್ಷವೇ ಅವರ ಹಾಡೊಂದು ಪ್ರಥಮ ಸ್ಥಾನಕ್ಕೇರಿತು. ಆದರೆ ಆ ಹೊತ್ತಿಗೆ ರಾಕ್ ಅಂಡ್ ರೋಲ್ ಸಂಗೀತವು ಯುವಜನರನ್ನು ಸೆಳೆಯತೊಡಗಿತ್ತು.

ಹೊರಗಿನ ಈ ಒತ್ತಡಕ್ಕಿಂತ ಒಳಗಿನ ವಿರೋಧವೇ ಹೆಚ್ಚು ವಿಷಾದಕರ. 1959ರ ‘ಸೇಟನ್ ಈಸ್ ರಿಯಲ್’ ಎಂಬ ಭಕ್ತಿಗೀತಾ ಸಂಕಲನದಲ್ಲಿ ಅವರು ಮದ್ಯಪಾನದ ಕೇಡನ್ನೂ ಹಾಡಿದ್ದಾರೆ. ಐರಾನಾದರೋ ಸ್ವತಃ ಆ ವ್ಯಸನಕ್ಕೆ ಒಳಗಾಗಿದ್ದನು. ಕೋಪೋದ್ರೇಕದಲ್ಲಿ ತನ್ನ ವಾದ್ಯವನ್ನೇ ಒಡೆಯುತ್ತಿದ್ದನು. ತತ್ಫಲವಾಗಿ 1963ರಲ್ಲಿ ಸಹೋದರರು ಬೇರೆಯಾದರು. ಚಾರ್ಲಿಯು ಒಬ್ಬನೇ ಹಾಡಿ ಯಶಸ್ವಿಯಾದನು. ಐರಾ 1965ರ ಜೂನ್ 20ರಂದು ಮಿಸ್ಸೌರಿಯಲ್ಲಿ ಮೋಟಾರು ಅಪಘಾತದಲ್ಲಿ ಮೃತನಾದನು. ಮತ್ತೆ ಕೂಡಿ ಹಾಡುವ ಅವಕಾಶ ಅಲ್ಲಿಗೆ ಮುಗಿಯಿತು.

ಅವರ ಹಾಡುಗಳು ಮಾತ್ರ ಪರರ ಕಂಠಗಳಲ್ಲಿ ಬಾಳಿದುವು. 1968ರಲ್ಲಿ ಬರ್ಡ್ಸ್ ತಂಡವೂ 1975ರಲ್ಲಿ ಎಮ್ಮಿಲೂ ಹ್ಯಾರಿಸ್ ಎಂಬ ಗಾಯಕಿಯೂ ಅವನ್ನು ಹೊಸ ತಲೆಮಾರಿಗೆ ತಲುಪಿಸಿದರು. 2001ರಲ್ಲಿ ಸಹೋದರರಿಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ದೊರೆಯಿತು. ಚಾರ್ಲಿಯು 2011ರಲ್ಲಿ ತೀರಿಕೊಳ್ಳುವವರೆಗೂ ಹಾಡುವುದನ್ನು ಬಿಡಲಿಲ್ಲ. ಮನೆಯ ಸಂಬಂಧವು ಅವರ ಕಂಠಗಳನ್ನು ಒಂದುಗೂಡಿಸಿತು. ಬಾಳನ್ನು ಒಂದಾಗಿ ಉಳಿಸಲು ಅದೊಂದೇ ಸಾಲದಾಯಿತೆಂದು ಹೇಳಬೇಕಾಗಿದೆ.