ಹೃದಯಾಘಾತಕ್ಕೆ ಕೊಬ್ಬೊಂದೇ ಕಾರಣವೇ?

ಹೃದಯದ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ಎಣ್ಣೆ, ತುಪ್ಪ ಮತ್ತು ಮಾಂಸ. ಕೊಳವೆಯಲ್ಲಿ ಜಿಡ್ಡು ಕಟ್ಟುವಂತೆ ರಕ್ತನಾಳದಲ್ಲೂ ಕೊಬ್ಬು ಕಟ್ಟುತ್ತದೆಂಬುದು ಸಾಮಾನ್ಯ ತಿಳುವಳಿಕೆ. ಇದು ಅರ್ಧ ಸತ್ಯ ಮಾತ್ರ. ಉಳಿದರ್ಧವು ನಮ್ಮನ್ನು ರೋಗಗಳಿಂದ ಕಾಯುವ ಬಿಳಿ ರಕ್ತಕಣಗಳಿಗೆ ಸಂಬಂಧಿಸಿದ್ದು.

ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಹೆಚ್ಚಾದಾಗ ಅದು ರಕ್ತನಾಳದ ಗೋಡೆಯೊಳಗೆ ನುಸುಳಿ ಕೆಡುತ್ತದೆ. ಆಗ ಒಳಪದರದ ಕೋಶಗಳು ಗಾಯವಾದಾಗ ಕೊಡುವಂಥದ್ದೇ ಸಂಕೇತ ಕೊಡುತ್ತವೆ. ಬಿಳಿ ರಕ್ತಕಣಗಳು ಧಾವಿಸಿ ಬಂದು ಕೊಬ್ಬನ್ನು ನುಂಗತೊಡಗುತ್ತವೆ. ನುಂಗಿದ್ದನ್ನು ಹೊರಹಾಕಲಾಗದೆ ಉಬ್ಬಿ ಅಲ್ಲಿಯೇ ಸಾಯುತ್ತವೆ. ಅಷ್ಟರಲ್ಲಿ ಇಂಟರ್‌ಲ್ಯೂಕಿನ್ ಮುಂತಾದ ರಾಸಾಯನಿಕಗಳ ಮೂಲಕ ಇನ್ನಷ್ಟು ಕಣಗಳನ್ನು ಕರೆದಿರುತ್ತವೆ. ಕರೆ ನಿಲ್ಲದು, ಉರಿಯೂತ ಆರದು. ವರ್ಷಗಟ್ಟಲೆ ಇದು ನೋವಿಲ್ಲದೆ ನಡೆಯುತ್ತದೆ. ಕೊನೆಗೊಂದು ದಿನ ಆ ಕೊಬ್ಬಿನ ಗಡ್ಡೆಯ ಪೊರೆ ಹರಿದು, ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚುತ್ತದೆ. ಅದೇ ಹೃದಯಾಘಾತ.

ಇದು ಬರೀ ಊಹೆಯಲ್ಲ. 2017ರಲ್ಲಿ ಪ್ರಕಟವಾದ 'ಕ್ಯಾಂಟೋಸ್' ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಪಾಲ್ಗೊಂಡಿದ್ದರು. ಈ ಕರೆಯನ್ನು ತಡೆಯುವ ಔಷಧಿಯನ್ನು ಸೂಕ್ತ ಪ್ರಮಾಣದಲ್ಲಿ ಪಡೆದವರಲ್ಲಿ, ಕೆಟ್ಟ ಕೊಲೆಸ್ಟರಾಲ್ ಇಳಿಯದಿದ್ದರೂ, ಹೃದಯಾಘಾತದಂತಹ ಆಪತ್ತುಗಳು ಸುಮಾರು ಶೇ. 15ರಷ್ಟು ಕಡಿಮೆಯಾದವು. ಆದರೆ ಸೋಂಕಿನಿಂದಾದ ಸಾವುಗಳು ತುಸು ಹೆಚ್ಚಿದವು. ಕಾವಲುಗಾರನನ್ನೇ ಮಲಗಿಸುವುದೂ ಅಪಾಯ. ಆದುದರಿಂದ ಕರೆಗೆ ಕಾರಣವಾಗುವುದನ್ನು ಕಡಿಮೆ ಮಾಡುವುದೇ ಜಾಣತನ.

ಬೀಡಿ, ತಂಬಾಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಸೌದೆ ಒಲೆಯ ಹೊಗೆ ಇವೆಲ್ಲ ಈ ಉರಿಯನ್ನು ಹೆಚ್ಚಿಸುತ್ತವೆ. ಮೂವತ್ತು ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪರೀಕ್ಷಿಸಿಕೊಳ್ಳಬೇಕು. ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು 'ಈಗ ಆರಾಮಿದ್ದೇನೆ' ಎಂದು ನಿಲ್ಲಿಸಬಾರದು. ಅದು ಕೊಲೆಸ್ಟರಾಲನ್ನಷ್ಟೇ ಅಲ್ಲ, ಉರಿಯೂತವನ್ನೂ ತಗ್ಗಿಸುತ್ತದೆ.

ಸಹೋದರಿಯರೇ, ಮನೆಮಂದಿಗೆ ನೋವಾದರೆ ಓಡುವ ನಾವು ನಮ್ಮ ನೋವನ್ನು 'ಗ್ಯಾಸ್' ಎಂದು ಸುಮ್ಮನಾಗುತ್ತೇವೆ. ಮಹಿಳೆಯರಲ್ಲಿ ಹೃದಯಾಘಾತವು ಕೆಲವೊಮ್ಮೆ ಎದೆನೋವಿಲ್ಲದೆ ಉಬ್ಬಸ, ವಾಕರಿಕೆ, ದವಡೆ ಅಥವಾ ಬೆನ್ನು ನೋವು, ವಿಪರೀತ ಸುಸ್ತಿನ ರೂಪದಲ್ಲೂ ಬರುತ್ತದೆ. ವನದುರ್ಗದಂತಹ ಊರಿನವರು ಇಂತಹ ಹೊತ್ತಿನಲ್ಲಿ ನೇರವಾಗಿ ದೂರದ ಊರಿಗೆ ಹೊರಡುವ ಬದಲು 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ಶಹಾಪುರದಲ್ಲಿ ಇಸಿಜಿ ಮಾಡಿಸಬೇಕು. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. 371 ಹಾಸಿಗೆಗಳ ಅದರ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ.

ಹೆಪ್ಪುಗಟ್ಟಿದ ರಕ್ತ ಅಡುಗೆ ಮುಗಿಯುವವರೆಗೆ ಕಾಯುವುದಿಲ್ಲ. ನೀವೂ ಕಾಯಬೇಡಿ.