ಬಸವನಹುಳುವಿನೊಳಗಿನ ಶತ್ರು: ದೊಡ್ಡ ಮರಿ, ಸಣ್ಣ ಮರಿ

ಮಳೆಗಾಲ ಕಳೆದು ಕೆರೆಯ ನೀರು ಇಳಿಯತೊಡಗಿದಾಗ ಕೆರೆ ಅಂಗಳದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಬೇರೆಲ್ಲಿಯೂ ಹಸಿರು ಕಾಣದ ಕಾಲದಲ್ಲಿ ಅದನ್ನು ಕಂಡು ರೈತನಿಗೂ ಸಂತೋಷ, ದನಕ್ಕೂ ಸಂತೋಷ. ಆದರೆ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಉಳುವ ಎತ್ತು ಸೊರಗುತ್ತದೆ. ಕರೆಯುವ ಹಸು ಹಾಲು ಇಳಿಸುತ್ತದೆ. ಕುರಿಯ ದವಡೆಯ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬೀಳುತ್ತದೆ. ಮೇವು ಸಾಲದೆಂದು ಹಿಂಡಿ ಹಾಕುತ್ತೇವೆ, ದೃಷ್ಟಿ ತಾಕಿತೆಂದು ನಿವಾಳಿಸುತ್ತೇವೆ. ಅಷ್ಟರಲ್ಲಿ ಒಳಗಿನ ಶತ್ರು ತನ್ನ ಕೆಲಸ ಮುಗಿಸಿರುತ್ತಾನೆ.

ಈ ಶತ್ರುವೇ ಚಪ್ಪಟೆ ಹುಳು. ನಮ್ಮ ಬಯಲುನಾಡಿನ ದನ, ಎಮ್ಮೆ, ಕುರಿ, ಮೇಕೆಗಳ ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ ಸೇರಿಕೊಳ್ಳುವ ಜಾತಿಗೆ ವಿಜ್ಞಾನಿಗಳು ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಂದು ಹೆಸರಿಟ್ಟಿದ್ದಾರೆ. ಎಲೆಯ ಆಕಾರವಿರುವುದರಿಂದ ಎಲೆಹುಳು ಎನ್ನುವುದೂ ಉಂಟು. ಬಲಿತ ಹುಳು 25ರಿಂದ 75 ಮಿ.ಮೀ. ಉದ್ದವಿದ್ದು, ಈಲಿಯನ್ನು ಕೊಯ್ದು ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ. ಆದರೆ ದನದ ಮೈಯನ್ನು ಸೇರುವ ಮೊದಲು ಇದು ನೀರಿನ ಬಸವನಹುಳುವಿನೊಳಗೆ ವಾಸಮಾಡುತ್ತದೆ. ಅಲ್ಲಿ ಇದರ ಮರಿಗಳ ಗಾತ್ರ ಬದಲಾಗುವ ರೀತಿ ವಿಚಿತ್ರವಾದುದು. ಅದನ್ನು ತಿಳಿದುಕೊಂಡರೆ ರೋಗ ತಡೆಯುವ ದಾರಿಯೂ ತಾನಾಗಿ ತಿಳಿಯುತ್ತದೆ.

ಹಿಗ್ಗಿ ಕುಗ್ಗುವ ಬೆಳವಣಿಗೆ

ಕರು ಹುಟ್ಟಿದ ದಿನದಿಂದ ದಿನೇ ದಿನೇ ದೊಡ್ಡದಾಗುತ್ತದೆ. ಚಪ್ಪಟೆ ಹುಳುವಿನ ಮರಿ ಹಾಗಲ್ಲ. ಅದು ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ, ಕೊನೆಗೆ ಮತ್ತೆ ಹಿಗ್ಗುತ್ತದೆ.

ರೋಗದ ದನದ ಸಗಣಿಯಲ್ಲಿ ಹುಳುವಿನ ಮೊಟ್ಟೆಗಳು ಹೊರಬೀಳುತ್ತವೆ. ಒಂದು ಮೊಟ್ಟೆಯ ಉದ್ದ ಒಂದು ಮಿ.ಮೀ.ನ ಆರನೆಯ ಒಂದು ಭಾಗದಷ್ಟು. ಸಗಣಿ ನೀರಿಗೆ ಬಿದ್ದರೆ, ಹವೆ ಬೆಚ್ಚಗಿದ್ದರೆ, ಕೆಲವು ವಾರಗಳೊಳಗೆ ಮೊಟ್ಟೆಯೊಡೆದು ಮೈತುಂಬ ರೋಮವಿರುವ ಈಜುಮರಿ ಹೊರಬರುತ್ತದೆ. ಇದರ ಹೆಸರು ಮಿರಾಸಿಡಿಯಂ. ಇದಕ್ಕೆ ತಿನ್ನಲು ಬಾಯಿಲ್ಲ. ಸುಮಾರು ಒಂದು ದಿನದೊಳಗೆ ತನಗೆ ತಕ್ಕ ಬಸವನಹುಳು ಸಿಕ್ಕದಿದ್ದರೆ ಸತ್ತುಹೋಗುತ್ತದೆ.

ಸಿಕ್ಕಿದರೆ ಅದರ ಮೈಯನ್ನು ಕೊರೆದು ಒಳಹೊಕ್ಕು ರೋಮ ಕಳಚಿ ಒಂದು ಚೀಲವಾಗುತ್ತದೆ. ಆ ಚೀಲದೊಳಗೆ ರೀಡಿಯಾ ಎಂಬ ಬಾಯುಳ್ಳ ಮರಿಗಳು ಹುಟ್ಟುತ್ತವೆ. ಇವು ಬಸವನಹುಳುವಿನ ಮಾಂಸವನ್ನೇ ತಿಂದು 1ರಿಂದ 3 ಮಿ.ಮೀ.ವರೆಗೆ ಬೆಳೆಯುತ್ತವೆ. ಈಜುಮರಿಗೆ ಹೋಲಿಸಿದರೆ ಇದು ಹತ್ತು ಹದಿನೈದು ಪಟ್ಟು ಉದ್ದ.

ರೀಡಿಯಾದೊಳಗೆ ಮತ್ತೆ ಮರಿಗಳು ಹುಟ್ಟುತ್ತವೆ. ಈ ಬಾಲದ ಮರಿಗೆ ಸರ್ಕೇರಿಯಾ ಎಂದು ಹೆಸರು. ಇದರ ದೇಹ ಮಾತ್ರ ಒಂದು ಮಿ.ಮೀ.ನ ಮೂರನೆಯ ಒಂದು ಭಾಗಕ್ಕೂ ಅತ್ತಿತ್ತ. ಬಾಲ ದೇಹಕ್ಕಿಂತ ಉದ್ದ. ಇದು ಬಸವನಹುಳುವನ್ನು ಬಿಟ್ಟು ನೀರಿಗಿಳಿದು ಹುಲ್ಲಿನ ದಂಟಿಗೋ ಭತ್ತದ ಬುಡಕ್ಕೋ ಅಂಟಿಕೊಳ್ಳುತ್ತದೆ, ಬಾಲವನ್ನು ಕಳಚುತ್ತದೆ, ಸುತ್ತಲೂ ಗಟ್ಟಿಯಾದ ಕೋಶ ಕಟ್ಟಿಕೊಳ್ಳುತ್ತದೆ. ಈಗ ಅದು ಒಂದು ಮಿ.ಮೀ.ನ ನಾಲ್ಕನೆಯ ಒಂದು ಭಾಗದಷ್ಟಿರುವ ಬರಿಯ ಚುಕ್ಕೆ. ದನ ಹುಲ್ಲಿನ ಜೊತೆಗೆ ಈ ಚುಕ್ಕೆಯನ್ನು ನುಂಗಿದಾಗ ಮರಿ ಕೋಶದಿಂದ ಹೊರಬಂದು ಕರುಳನ್ನು ತೂತು ಮಾಡಿ ಈಲಿಗೆ ಹೋಗುತ್ತದೆ. ವಾರಗಟ್ಟಲೆ ಈಲಿಯನ್ನು ಕೊರೆಯುತ್ತ ತಿರುಗಿ, ಕೊನೆಗೆ ಪಿತ್ತನಾಳದಲ್ಲಿ ನೆಲೆನಿಂತು ಬಲಿಯುತ್ತದೆ.

ಈ ಏರಿಳಿತದ ಗುಟ್ಟೇನು? ಪ್ರತಿಯೊಂದು ಮರಿಗೂ ಒಂದೊಂದು ಕೆಲಸ. ಹುಡುಕುವ ಮರಿ ಸಣ್ಣದಾಗಿ, ಚುರುಕಾಗಿ ಇರಬೇಕು. ಹೆರುವ ಮರಿ ದೊಡ್ಡದಾಗಿರಬೇಕು. ಹುಲ್ಲಿನ ಮೇಲೆ ಕಾಯುವ ಮರಿ ಮತ್ತೆ ಸಣ್ಣದಾಗಿ, ಗಟ್ಟಿಯಾಗಿರಬೇಕು. ಹೆರುವ ಮರಿಯ ಹೊಟ್ಟೆಯಲ್ಲಿಯೇ ಒಂದು ನೂರಾಗುವುದು. ಬಸವನಹುಳುವನ್ನು ಹೊಕ್ಕ ಒಂದೇ ಒಂದು ಈಜುಮರಿಯಿಂದ ನೂರಾರು ಬಾಲದ ಮರಿಗಳು ಹೊರಬರುತ್ತವೆ. ರಾಗಿಯ ಒಂದು ಕಾಳು ತೆನೆಯಾದಂತೆಯೇ ಇದು.

ಈ ಬಾಳಚಕ್ರವನ್ನು ಕಂಡುಹಿಡಿದದ್ದು 1880ರ ದಶಕದಲ್ಲಿ. ಇಂಗ್ಲೆಂಡಿನಲ್ಲಿ 1879-80ರ ಸುಮಾರಿನಲ್ಲಿ ಈ ಹುಳುವಿನ ಸೋದರ ಜಾತಿಯಿಂದ ಲಕ್ಷಗಟ್ಟಲೆ ಕುರಿಗಳು ಸತ್ತವು. ಆಗ ಆಕ್ಸ್‌ಫರ್ಡಿನ ಆಲ್ಜರ್ನನ್ ಥಾಮಸ್ ಅವರೂ ಜರ್ಮನಿಯ ರುಡಾಲ್ಫ್ ಲ್ಯೂಕಾರ್ಟ್ ಅವರೂ ಬೇರೆ ಬೇರೆಯಾಗಿಯೇ ಶೋಧಿಸಿ, ಕುರಿಯ ರೋಗದ ಬೇರು ಬಸವನಹುಳುವಿನಲ್ಲಿದೆ ಎಂದು ತೋರಿಸಿಕೊಟ್ಟರು.

ಒಂದೇ ಜಾತಿ, ಒಂದೇ ಹಂತ. ಆದರೂ ಗಾತ್ರ ಬೇರೆ

ಒಂದೇ ಕೆರೆಯ ಎರಡು ಬಸವನಹುಳುಗಳನ್ನು ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರ ರೀಡಿಯಾಗಳು ದಪ್ಪಗೆ ಉದ್ದವಾಗಿಯೂ, ಇನ್ನೊಂದರವು ಸಣಕಲಾಗಿಯೂ ಇರಬಹುದು. ಇದಕ್ಕೆ ಮುಖ್ಯ ಕಾರಣ ಮನೆ ಮತ್ತು ಮೇವು. ಬಸವನಹುಳು ದೊಡ್ಡದಾಗಿದ್ದು ಅದಕ್ಕೆ ಪಾಚಿ ಹೇರಳವಾಗಿ ಸಿಕ್ಕಿದರೆ ಒಳಗಿನ ಮರಿಗಳಿಗೂ ಹಬ್ಬ. ಬಸವನಹುಳು ಉಪವಾಸವಿದ್ದರೆ ಮರಿಗಳೂ ಸೊರಗುತ್ತವೆ, ಹೊರಬರುವ ಬಾಲದ ಮರಿಗಳ ಸಂಖ್ಯೆಯೂ ಇಳಿಯುತ್ತದೆ. ಇನ್ನೊಂದು ಕಾರಣ ಒತ್ತಡ. ಒತ್ತಾಗಿ ಬಿತ್ತಿದ ಪೈರು ಸಣಕಲಾಗುವಂತೆ, ಒಂದೇ ಚಿಪ್ಪಿನೊಳಗೆ ಬಹಳ ಮರಿಗಳು ತುಂಬಿಕೊಂಡಾಗ ಒಂದೊಂದೂ ಚಿಕ್ಕದಾಗುತ್ತದೆ.

ಅಳೆಯುವುದರಲ್ಲಿಯೂ ಒಂದು ತೊಡಕಿದೆ. ಮಲೆನಾಡಿನವರು ಇಂಬಳವನ್ನು ಕಂಡಿದ್ದಾರೆ. ಅದು ಈಗ ದಾರದಂತೆ ಉದ್ದವಾಗುತ್ತದೆ, ಮರುಕ್ಷಣ ಗುಂಡಗಾಗುತ್ತದೆ. ಬಾಲದ ಮರಿಯೂ ಹಾಗೆಯೇ. ಆದುದರಿಂದ ವಿಜ್ಞಾನಿಗಳು ಅವನ್ನು ಬಿಸಿ ದ್ರಾವಣದಲ್ಲಿ ತಟ್ಟನೆ ಕೊಂದು ಎಲ್ಲವೂ ಒಂದೇ ಸ್ಥಿತಿಯಲ್ಲಿರುವಾಗ ಅಳೆಯುತ್ತಾರೆ.

ಹೆರುವ ಮರಿ, ಕಾದಾಡುವ ಮರಿ

ಇನ್ನೂ ಸೋಜಿಗದ ಸಂಗತಿಯೊಂದು 2011ರಲ್ಲಿ ಪ್ರಕಟವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಉಪ್ಪುನೀರಿನ ಬಸವನಹುಳುಗಳಲ್ಲಿ ಒಂದು ಜಾತಿಯ ಚಪ್ಪಟೆ ಹುಳುವಿನ ಮರಿಗಳನ್ನು ಹೆಚಿಂಜರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಒಂದೇ ತಾಯಿಯ ಸಂತತಿಯಲ್ಲಿ ಎರಡು ಬಗೆಯ ರೀಡಿಯಾಗಳು ಕಂಡವು. ಒಂದು ಬಗೆ ದೊಡ್ಡದು, ಮಂದಗತಿಯದು, ಹೊಟ್ಟೆತುಂಬ ಮರಿಗಳಿರುವುದು. ಇನ್ನೊಂದು ಬಗೆ ಬಹು ಸಣ್ಣದು, ಚುರುಕಾದುದು, ಮೈಗೆ ಹೋಲಿಸಿದರೆ ಬಾಯಿ ದೊಡ್ಡದು. ಬೇರೆ ಜಾತಿಯ ಹುಳು ಅದೇ ಚಿಪ್ಪಿಗೆ ನುಗ್ಗಿದರೆ ಈ ಸಣ್ಣವು ಮೇಲೆ ಬಿದ್ದು ಕಚ್ಚಿ ಕೊಲ್ಲುತ್ತವೆ. ಇರುವೆ ಗೂಡಿನಲ್ಲಿ ರಾಣಿ ಬೇರೆ, ಕಾವಲಿನವು ಬೇರೆ ಇರುವಂತೆ ಇಲ್ಲಿಯೂ ಇದೆ.

ಏಷ್ಯಾ ಮತ್ತು ಆಫ್ರಿಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಇನ್ನೊಂದು ಬಸವನಹುಳು ಮೆಲನಾಯ್ಡಿಸ್. ನಮ್ಮ ದೇಶದ ಕೆರೆ ಕಾಲುವೆಗಳಲ್ಲಿಯೂ ಇರುವ, ಗೋಪುರದಂತೆ ಮೊನಚಾದ ಚಿಪ್ಪಿನ ಹುಳು ಇದು. ಇದರೊಳಗಿನ ಒಂದು ಚಪ್ಪಟೆ ಹುಳುವಿನ ಕಾವಲು ಮರಿಗಳಿಗೆ ಸಂತಾನಶಕ್ತಿಯೇ ಇಲ್ಲವೆಂದು 2024ರಲ್ಲಿ ತಿಳಿದುಬಂತು. ಅವು ಹುಟ್ಟುವುದು ಕಾದಾಡುವುದಕ್ಕೆ ಮಾತ್ರ.

ಹುಳುಗಳ ಈ ಜಗಳವನ್ನು ರೈತನ ಉಪಯೋಗಕ್ಕೆ ತಿರುಗಿಸಿದವರೂ ಇದ್ದಾರೆ. ಇಂಡೊನೇಷ್ಯದ ಭತ್ತದ ನಾಡಿನಲ್ಲಿ ಎಲೆಹುಳುವನ್ನು ಹೊರುವ ಬಸವನಹುಳುವಿಗೇ ಬಾತುಕೋಳಿಯ ಒಂದು ಚಪ್ಪಟೆ ಹುಳುವೂ ಸೇರುತ್ತದೆ. ಅದರ ರೀಡಿಯಾ ಎಲೆಹುಳುವಿನ ಮರಿಗಳನ್ನು ತಿಂದುಹಾಕುತ್ತದೆ. ಅಂಥ ಬಾತುಕೋಳಿಗಳ ಹಿಕ್ಕೆಯನ್ನು ದನದ ಸಗಣಿಯೊಡನೆ ಬೆರೆಸಿ ಗದ್ದೆಗೆ ಹಾಕಿದಾಗ ಬಸವನಹುಳುಗಳಲ್ಲಿ ಎಲೆಹುಳುವಿನ ಹಾವಳಿ ತಗ್ಗಿತೆಂದು 2006ರಲ್ಲಿ ವರದಿಯಾಯಿತು. ಇದನ್ನು ಇಲ್ಲಿ ನಮ್ಮಷ್ಟಕ್ಕೆ ನಾವೇ ಮಾಡಿ ನೋಡುವುದು ತರವಲ್ಲ. ಬಾತುಕೋಳಿಯ ಆ ಬಗೆಯ ಹುಳು, ಬಸವನಹುಳುವನ್ನು ಹಸಿಯಾಗಿ ತಿಂದವರಿಗೂ ತಗಲಬಲ್ಲದು. ಆದರೆ ಬಾತುಕೋಳಿ ಸಾಕುವವರು ಅವನ್ನು ಗದ್ದೆಗೆ, ಹೊಂಡಕ್ಕೆ ಬಿಟ್ಟರೆ ಬಸವನಹುಳುಗಳನ್ನು ಹೆಕ್ಕಿ ತಿನ್ನುವುದಂತೂ ನಿಜ.

ಬಾಲ ನೋಡಿ ರೋಗ ಹೇಳಬಹುದು

ನಮ್ಮ ನೀರಿನಲ್ಲಿ ದನಗಳಿಗೆ ಕೇಡು ಮಾಡುವ ಬಾಲದ ಮರಿಗಳು ಮುಖ್ಯವಾಗಿ ಮೂರು ಬಗೆ. ಪ್ರಯೋಗಾಲಯದವರು ಗಾತ್ರ ಮತ್ತು ಆಕಾರದಿಂದಲೇ ಅವನ್ನು ಗುರುತಿಸುತ್ತಾರೆ.

ಮೊದಲನೆಯದು ಎಲೆಹುಳುವಿನ ಮರಿ. ಇದರ ಬಾಲ ಒಂದೇ ಎಳೆ. ಅಗಲ ಬಾಯಿಯ, ತುದಿ ಚೂಪಾದ ತೆಳು ಚಿಪ್ಪಿನ ಬಸವನಹುಳುವಿನಿಂದ ಇದು ಬರುತ್ತದೆ.

ಎರಡನೆಯದು ಹೊಟ್ಟೆಹುಳುವಿನ ಮರಿ. ಇದು ದಪ್ಪ, ಕಂದು ಬಣ್ಣದ್ದು. ಎರಡು ಕಣ್ಣಿನ ಚುಕ್ಕೆಗಳಿರುತ್ತವೆ.

ಮೂರನೆಯದು ರಕ್ತಹುಳುವಿನ ಮರಿ. ದೇಹ ಬಹು ಸಣ್ಣದು. ಬಾಲದ ತುದಿ ಕವಲೊಡೆದಿರುತ್ತದೆ. ತಟ್ಟೆಯಂತೆ ಸುತ್ತಿಕೊಂಡ ಚಿಪ್ಪಿನ ಬಸವನಹುಳುವಿನಿಂದ ಬರುತ್ತದೆ. ಇದು ಹುಲ್ಲಿಗೆ ಅಂಟಿ ಕಾಯುವುದಿಲ್ಲ. ನೀರಿನಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ರಕ್ತಕ್ಕೆ ಸೇರುತ್ತದೆ. ಇದರ ಒಂದು ಜಾತಿ ಮೂಗಿನ ರಕ್ತನಾಳಗಳಲ್ಲಿ ನೆಲಸಿ ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆಯುವಂತೆ ಮಾಡುತ್ತದೆ. ದನ ಗೊರಗೊರನೆ ಉಸಿರಾಡುತ್ತದೆ. ಇದೇ ಗೊರಕೆ ರೋಗ. ಈ ಹುಳುವಿಗೆ 1933ರಲ್ಲಿ ಹೆಸರಿಟ್ಟು ವಿವರಿಸಿದವರು ನಮ್ಮ ದೇಶದ ವಿಜ್ಞಾನಿ ರಾವ್ ಅವರು. ಗದ್ದೆಗಿಳಿದು ನಾಟಿ ಮಾಡುವವರ ಕಾಲಿಗೆ ತುರಿಕೆಯ ಗುಳ್ಳೆ ಏಳುವುದಕ್ಕೂ ಕೆಲವು ವೇಳೆ ಈ ಕವಲುಬಾಲದ ಮರಿಗಳೇ ಕಾರಣ. ಅವು ಮನುಷ್ಯನ ಚರ್ಮವನ್ನು ಹೊಕ್ಕು ಅಲ್ಲಿಯೇ ಸಾಯುತ್ತವೆ, ತುರಿಕೆ ಮಾತ್ರ ಉಳಿಯುತ್ತದೆ.

ಸಣ್ಣದೆಂದು ಉದಾಸೀನ ಬೇಡ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಒಳ್ಳೆಯವರಿಗೆ ಹೇಳಿದ್ದು. ಈ ಮರಿಗಳ ವಿಷಯದಲ್ಲಿ ಮೂರ್ತಿ ಚಿಕ್ಕದು, ಕೇಡು ದೊಡ್ಡದು. ಹೊಟ್ಟೆಹುಳುವನ್ನೇ ನೋಡಿ. ಬಲಿತ ಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು ದನದ ದೊಡ್ಡ ಹೊಟ್ಟೆಯಲ್ಲಿ ಸುಮ್ಮನೆ ಅಂಟಿಕೊಂಡಿರುತ್ತದೆ, ಹೆಚ್ಚು ತೊಂದರೆ ಕೊಡುವುದಿಲ್ಲ. ಆದರೆ ಕೆಲವೇ ಮಿ.ಮೀ. ಉದ್ದದ ಎಳೆಯ ಹುಳುಗಳು ಸಾವಿರಗಟ್ಟಲೆಯಾಗಿ ಸಣ್ಣ ಕರುಳನ್ನು ಕಚ್ಚಿ ಹಿಡಿದಾಗ ನಾರುವ ಭೇದಿ ಹತ್ತಿ ಕುರಿ, ಕರುಗಳು ಸಾಯುತ್ತವೆ.

ಕೆಲವು ರೈತರು ಕೇಳುವುದುಂಟು: “ಸಗಣಿ ಪರೀಕ್ಷೆ ಮಾಡಿಸಿದೆವು, ಮೊಟ್ಟೆ ಇಲ್ಲವೆಂದರು. ಆದರೂ ದನ ಸೊರಗುತ್ತಿದೆ, ಏಕೆ?” ಹುಳು ಬಲಿತ ಮೇಲೆಯೇ ಮೊಟ್ಟೆಯಿಡುವುದು. ಎಲೆಹುಳು ಹೊಟ್ಟೆ ಸೇರಿದ ಮೇಲೆ ಮೊಟ್ಟೆಯಿಡಲು ಮೂರು ತಿಂಗಳಿಗೂ ಮಿಗಿಲು ಬೇಕು. ಅಲ್ಲಿಯವರೆಗೆ ಈಲಿಯನ್ನು ಕೊರೆಯುವ ಎಳೆಯ ಹುಳು ಪರೀಕ್ಷೆಗೆ ಸಿಕ್ಕುವುದಿಲ್ಲ. ಔಷಧಿಯ ವಿಷಯವೂ ಹೀಗೆಯೇ. ಕೆಲವು ಔಷಧಿಗಳು ಬಲಿತ ಹುಳುವನ್ನು ಮಾತ್ರ ಕೊಲ್ಲುತ್ತವೆ, ಕೆಲವು ಮಾತ್ರ ಎಳೆಯವನ್ನೂ ಕೊಲ್ಲುತ್ತವೆ. ಆದುದರಿಂದ ಅಂಗಡಿಯಿಂದ ಯಾವುದೋ ಜಂತಿನ ಔಷಧಿ ತಂದು ಕುಡಿಸುವುದಕ್ಕಿಂತ, ದನ ಯಾವಾಗ ಯಾವ ಕೆರೆಯ ಅಂಗಳದಲ್ಲಿ ಮೇಯಿತು ಎಂಬುದನ್ನು ಪಶುವೈದ್ಯರಿಗೆ ತಿಳಿಸಿ ಅವರು ಹೇಳಿದ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ ಕೊಡಿಸಬೇಕು. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನೂ ಕೇಳಿ ತಿಳಿಯಬೇಕು.

ರೈತರು ಮಾಡಬೇಕಾದುದು

1. ನೀರು ಆಗತಾನೆ ಇಳಿದ ಕೆರೆ ಅಂಗಳ, ಕಾಲುವೆಯ ಅಂಚು, ಜೌಗು ನೆಲಗಳಲ್ಲಿ ದನಕುರಿ ಮೇಯಿಸಬಾರದು. ಬೇರೆ ದಾರಿಯಿಲ್ಲದಿದ್ದರೆ ಕರುಗಳನ್ನೂ ಕುರಿಮರಿಗಳನ್ನೂ ಆದರೂ ದೂರವಿಡಬೇಕು.

2. ನೀರಿನಲ್ಲಿ ನಿಂತ ಹಸಿ ಹುಲ್ಲನ್ನೂ ಭತ್ತದ ಬುಡದ ಭಾಗವನ್ನೂ ಹಾಗೆಯೇ ಹಾಕಬಾರದು. ಕೋಶಗಳು ಅಂಟಿರುವುದು ಅಲ್ಲಿಯೇ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಣವೆ ಒಟ್ಟಿದ ಹುಲ್ಲಿನಲ್ಲಿ ಅಪಾಯ ಬಹಳ ಕಡಿಮೆ.

3. ಹಸಿ ಸಗಣಿಯನ್ನು ಕೆರೆ, ಗದ್ದೆಗಳ ನೀರಿಗೆ ಸೇರಿಸಬಾರದು. ಗೊಬ್ಬರದ ಗುಂಡಿಯಲ್ಲಿ ಹಾಕಿ ಮಾಗಿಸಿದರೆ ಒಳಗಿನ ಕಾವಿಗೆ ಮೊಟ್ಟೆಗಳು ಸಾಯುತ್ತವೆ.

4. ಸಾಧ್ಯವಾದಷ್ಟು ಬಾವಿಯ ಇಲ್ಲವೆ ಕೊಳವೆಬಾವಿಯ ನೀರನ್ನು ತೊಟ್ಟಿಯಲ್ಲಿ ಕುಡಿಸಬೇಕು. ತೊಟ್ಟಿಯನ್ನು ಆಗಾಗ ಖಾಲಿ ಮಾಡಿ ಪಾಚಿ ತಿಕ್ಕಿ ಒಣಗಿಸಬೇಕು. ಗೊರಕೆ ರೋಗದ ದನವನ್ನು ಕೆರೆಗೆ ಬಿಡಬಾರದು. ಅದರ ಮೂಗಿನ ಸಿಂಬಳದಿಂದಲೇ ಮೊಟ್ಟೆಗಳು ನೀರಿಗೆ ಬೀಳುತ್ತವೆ.

5. ಕಾಲುವೆಗಳ ಕಳೆ ಕಿತ್ತು ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಬಸವನಹುಳುವಿಗೆ ನೆಲೆಯಿಲ್ಲದಿದ್ದರೆ ಚಪ್ಪಟೆ ಹುಳುವಿಗೂ ನೆಲೆಯಿಲ್ಲ.

ಈ ಕೆಲಸ ಒಬ್ಬರಿಂದ ಆಗತಕ್ಕದ್ದಲ್ಲ. ಒಬ್ಬನ ದನದ ಮೊಟ್ಟೆ ಕೆರೆಗೆ ಬಿದ್ದರೆ ಊರಿನ ದನಗಳಿಗೆಲ್ಲ ಹುಳು. ಮುಂಗಾರಿಗೆ ಮೊದಲೂ ಮಳೆ ನಿಂತ ಮೇಲೂ ಊರಿನವರೆಲ್ಲ ಸೇರಿ ಪಶುವೈದ್ಯರನ್ನು ಕರೆಸಿ ಒಟ್ಟಿಗೇ ಔಷಧಿ ಕೊಡಿಸುವುದು ಮೇಲು. ಮುಂದಿನ ಸಲ ಕೆರೆಯ ದಂಡೆಯಲ್ಲಿ ಒಂದು ಬಸವನಹುಳು ಕಂಡಾಗ, ಅದರ ಪುಟ್ಟ ಚಿಪ್ಪಿನೊಳಗೆ ಎಷ್ಟು ಮರಿಗಳಿರಬಹುದೆಂದು ಒಂದು ಗಳಿಗೆ ನಿಂತು ಯೋಚಿಸಿರಿ. ಆಮೇಲೆ ದನವನ್ನು ಆಚೆಯ ದಿಣ್ಣೆಯ ಕಡೆಗೆ ಹೊಡೆದುಕೊಂಡು ಹೋಗಿರಿ.