ಇಯರ್‌ಫೋನ್ ಕೊಳ್ಳುವ ಮುನ್ನ ಒಂದು ಲೆಕ್ಕ

ಚರ್ಮದ ಕವಚದ ಟ್ರಾನ್ಸಿಸ್ಟರ್ ರೇಡಿಯೊ ಅಜ್ಜ–ಅಜ್ಜಿಯರಿಗೆ ನೆನಪಿರಬೇಕು. ಅದರ ಜೊತೆಗೆ ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಇಯರ್‌ಫೋನ್ ಬರುತ್ತಿತ್ತು. ಮನೆಯವರೆಲ್ಲ ಮಲಗಿದ ಮೇಲೆ ವಿವಿಧ ಭಾರತಿ ಕೇಳಲು ಅದೇ ಆಸರೆ. ಎರಡೂ ಕಿವಿಗೆ ಹಾಡು ತುಂಬಿಕೊಂಡು ಬೀದಿಯಲ್ಲಿ ನಡೆಯುವ ರೂಢಿ ಜಗತ್ತಿಗೆ ಹಬ್ಬಿದ್ದು 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದ ನಂತರ. ಅದರಲ್ಲಿದ್ದ 3.5 ಮಿ.ಮೀ. ಪಿನ್ನೇ ಇವತ್ತಿನ ಅನೇಕ ಫೋನುಗಳಲ್ಲೂ ಇದೆ.

‘ಈಗ ವೈರು ಯಾರು ಹಾಕ್ಕೋತಾರೆ ತಾತಾ?’ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ವೈರಿನ ಇಯರ್‌ಫೋನಿಗೆ ಚಾರ್ಜ್ ಬೇಡ. ಒಂದು ಕಿವಿಯದು ಸೋಫಾ ಸಂದಿಯಲ್ಲಿ ಕಳೆದುಹೋಗುವ ಭಯವಿಲ್ಲ. ಬ್ಯಾಟರಿ ಸತ್ತು ಇಡೀ ಸಾಮಾನನ್ನೇ ಬಿಸಾಡುವ ಪ್ರಮೇಯವಿಲ್ಲ. ಎಫ್‌ಎಂ ಇರುವ ಫೋನಿನಲ್ಲಿ ಸಾಮಾನ್ಯವಾಗಿ ಈ ವೈರೇ ರೇಡಿಯೊದ ಏರಿಯಲ್ ಆಗಿಯೂ ಕೆಲಸ ಮಾಡುತ್ತದೆ. ಐನೂರು, ಸಾವಿರ ರೂಪಾಯಿಯೊಳಗೆ ನಿತ್ಯದ ಹಾಡಿಗೆ ಸಾಕಾಗುವಂಥದ್ದು ಸಿಗುತ್ತದೆ. ಆದರೆ ನೋಡಿ ಕೊಳ್ಳಬೇಕು.

ಮೊದಲು ಪಿನ್ ನೋಡಿ

ನಿಮ್ಮ ಫೋನಿನಲ್ಲಿ ದುಂಡು ತೂತು ಇದೆಯೇ? ಇದ್ದರೆ 3.5 ಮಿ.ಮೀ. ಪಿನ್ನಿನದು ಸಾಕು. ಇಲ್ಲದಿದ್ದರೆ ಚಾರ್ಜ್ ಮಾಡುವ ಟೈಪ್-ಸಿ ಕಿಂಡಿಗೇ ಹೊಂದುವ ಇಯರ್‌ಫೋನ್ ಬೇಕು. ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ಹಾಡು ಕೇಳಿಯೇ ಹಣ ಕೊಡಿ. ಕೆಲವು ಟೈಪ್-ಸಿ ಇಯರ್‌ಫೋನುಗಳು ಕೆಲವು ಫೋನುಗಳಲ್ಲಿ ಮಾತಾಡುವುದೇ ಇಲ್ಲ.

ಮಕ್ಕಳೇ, ದುಂಡು ಪಿನ್ನಿನ ಮೇಲಿರುವ ಕಪ್ಪು ಉಂಗುರಗಳನ್ನು ಎಣಿಸಿ. ಎರಡಿದ್ದರೆ ಬರೀ ಹಾಡು ಕೇಳಲು. ಮೂರಿದ್ದರೆ ಸಾಮಾನ್ಯವಾಗಿ ಮಾತಾಡುವ ಮೈಕ್ ಕೂಡ ಇದೆ ಎಂದು ಅರ್ಥ. ದೂರದೂರಿನ ಮಕ್ಕಳೊಂದಿಗೆ ಮಾತಾಡುವ ಅಜ್ಜಿಗೆ ಮೂರು ಉಂಗುರದ್ದೇ ಬೇಕು.

ಡಬ್ಬಿಯ ಮೇಲಿನ ಅಂಕಿಗಳು

ಇಯರ್‌ಫೋನಿನೊಳಗೆ ಒಂದು ಪುಟ್ಟ ಆಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ತೆಳು ಪೊರೆ ಇರುತ್ತವೆ. ಫೋನಿನಿಂದ ಬರುವ ವಿದ್ಯುತ್ತಿಗೆ ಸುರುಳಿ ನಡುಗುತ್ತದೆ, ಅದಕ್ಕಂಟಿದ ಪೊರೆ ಗಾಳಿಯನ್ನು ನಡುಗಿಸುತ್ತದೆ, ನಮಗೆ ಹಾಡು ಕೇಳುತ್ತದೆ. ಈ ಇಡೀ ಭಾಗಕ್ಕೆ ಡ್ರೈವರ್ ಎಂದು ಹೆಸರು. ‘10 ಮಿ.ಮೀ. ಡ್ರೈವರ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ದೊಡ್ಡ ಡ್ರೈವರ್ ಎಂದರೆ ಒಳ್ಳೆಯ ನಾದ ಎಂದೇನೂ ಅಲ್ಲ. ಪುಟ್ಟ ಡ್ರೈವರನ್ನೂ ಚೆನ್ನಾಗಿ ಶ್ರುತಿ ಮಾಡಬಹುದು.

‘20ರಿಂದ 20,000 ಹರ್ಟ್ಸ್’ ಎಂಬುದು ಬಹುತೇಕ ಎಲ್ಲ ಡಬ್ಬಿಗಳ ಮೇಲೂ ಇರುತ್ತದೆ. ಅದು ಎಳೆಯ ಕಿವಿಗೆ ಕೇಳುವ ವ್ಯಾಪ್ತಿ. ವಯಸ್ಸಾದಂತೆ ಮೇಲಿನ ಸೂಕ್ಷ್ಮ ಸ್ವರಗಳು ಮೊದಲು ಕೈಬಿಡುತ್ತವೆ. ಹಾಗಾಗಿ ಈ ಅಂಕಿಗೆ ಮರುಳಾಗಬೇಡಿ. ಓಮ್ ಎಂಬ ಅಂಕಿ 16 ಅಥವಾ 32 ಇದ್ದರೆ ಮೊಬೈಲಿಗೆ ಸರಿಹೋಗುತ್ತದೆ.

ಕಿವಿಯ ಅಳತೆ

ಚಪ್ಪಲಿಗೆ ಅಳತೆ ಇದ್ದಂತೆ ಕಿವಿಗೂ ಇದೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ರಬ್ಬರ್ ಟೋಪಿಗಳಿರುತ್ತವೆ. ಟೋಪಿ ಸಡಿಲವಾದರೆ ಮೃದಂಗದ ಎಡಗೈಯ ಗುಂಕಾರ ಸೋರಿಹೋಗಿ ಬರೀ ‘ಟಕ ಟಕ’ ಉಳಿಯುತ್ತದೆ. ಇಯರ್‌ಫೋನ್ ಕೆಟ್ಟದ್ದು ಎಂದು ಬೈಯುವ ಮುನ್ನ ಟೋಪಿ ಬದಲಿಸಿ ನೋಡಿ. ಬಲ ಎಡ ಕಿವಿಗಳ ಅಳತೆ ಬೇರೆ ಬೇರೆಯೂ ಇರಬಹುದು.

ಪರೀಕ್ಷೆಗೆ ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಹಾಕಿ. ಹಾಡುವವರ ಮಾತು ಸ್ಪಷ್ಟವಾಗಿದೆಯೇ? ಹಿಂದಿನ ತಂಬೂರಿ ಕೇಳುತ್ತದೆಯೇ? ಪಿಟೀಲು ಕಿವಿಗೆ ಚುಚ್ಚುತ್ತದೆಯೇ? ಅಂಗಡಿಯವರು ಹಾಕುವ ‘ಢಂ ಢಂ’ ಹಾಡಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಅಗ್ಗ ಯಾವುದು?

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಬೆಲೆಯನ್ನು ತಿಂಗಳುಗಳಿಂದ ಭಾಗಿಸುವುದು ನನ್ನ ಅಭ್ಯಾಸ. 400 ರೂಪಾಯಿಯದು 4 ತಿಂಗಳಿಗೆ ಕೆಟ್ಟರೆ ತಿಂಗಳಿಗೆ 100 ರೂಪಾಯಿ. 800 ರೂಪಾಯಿಯದು 2 ವರ್ಷ ಬಂದರೆ ತಿಂಗಳಿಗೆ ಸುಮಾರು 33 ರೂಪಾಯಿ. ಯಾವುದು ಅಗ್ಗ? ಮಕ್ಕಳೇ ಹೇಳಲಿ.

ವೈರು ಸಾಮಾನ್ಯವಾಗಿ ಸಾಯುವುದು ಪಿನ್ನಿನ ಬುಡದಲ್ಲಿ. ಅಲ್ಲಿ ಬಾಗುವ ರಬ್ಬರಿನ ರಕ್ಷೆ ಇದೆಯೇ ನೋಡಿ. ಕೀಳುವಾಗ ಪಿನ್ ಹಿಡಿದು ಕೀಳಿ, ವೈರು ಎಳೆಯಬೇಡಿ. ಫೋನಿಗೆ ಬಿಗಿಯಾಗಿ ಸುತ್ತಬೇಡಿ. ವೈರನ್ನು ಬಿಚ್ಚಿ ಬದಲಿಸಬಹುದಾದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ವೈರು ಹೋದರೆ ವೈರು ಮಾತ್ರ ಕೊಂಡರಾಯಿತು. ಬಿಲ್ ಮತ್ತು ವಾರಂಟಿ ಚೀಟಿಯನ್ನು ಜೋಪಾನವಾಗಿಡಿ.

ದುಡ್ಡಿಗಿಂತ ದೊಡ್ಡದು

ಇನ್ನೊಂದು ಲೆಕ್ಕ ಇದೆ. ಒಳಗಿವಿಯ ಶಂಖದಂಥ ಭಾಗದಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಕೂದಲು ಉದುರಿದರೆ ಮತ್ತೆ ಬೆಳೆದೀತು, ಈ ಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದು ಠೇವಣಿ ಕಟ್ಟಲಾಗದ, ಬರೀ ಖರ್ಚಾಗುವ ಖಾತೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಮಿತಿ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳ ಲೆಕ್ಕವನ್ನೇ ಮಾಡಿ. 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5, 87ಕ್ಕೆ ವಾರಕ್ಕೆ ಬರೀ ಎರಡೂವರೆ ಗಂಟೆ. ಚಕ್ರಬಡ್ಡಿ ಸಾಲದ ಹಾಗೆ, ಮೆಲ್ಲಗೆ ಶುರುವಾಗಿ ಬೇಗ ಮುಳುಗಿಸುತ್ತದೆ.

ಮನೆಯಲ್ಲಿ ಡೆಸಿಬೆಲ್ ಅಳೆಯುವುದು ಹೇಗೆ? ಸುಲಭದ ದಾರಿ ಇದೆ. ಹಾಡು ಕೇಳುತ್ತಿರುವಾಗ ಒಂದು ತೋಳಿನಷ್ಟು ದೂರದಲ್ಲಿ ಅಮ್ಮ ಮಾಮೂಲು ದನಿಯಲ್ಲಿ ಕರೆದರೆ ಕೇಳಬೇಕು. ಕೇಳದಿದ್ದರೆ ಸದ್ದು ಜಾಸ್ತಿಯಾಗಿದೆ. ಫೋನಿನ ವಾಲ್ಯೂಮ್ ಅರವತ್ತು ಪಾಲಿಗಿಂತ ಮೇಲೆ ಹೋಗದಿರಲಿ. ಬಸ್ಸಿನಲ್ಲಿ ಎಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದೇ ಅಪಾಯ. ಕಿವಿಗೆ ಸರಿಯಾಗಿ ಕೂತ ಟೋಪಿ ಹೊರಗಿನ ಗದ್ದಲವನ್ನು ತಡೆಯುವುದರಿಂದ ಕಡಿಮೆ ಸದ್ದೇ ಸಾಕಾಗುತ್ತದೆ. ಆದರೆ ರಸ್ತೆ ದಾಟುವಾಗ, ಸೈಕಲ್ ತುಳಿಯುವಾಗ ಇಯರ್‌ಫೋನ್ ಜೇಬಿನಲ್ಲಿರಲಿ.

ಅಜ್ಜ–ಅಜ್ಜಿಯರಿಗೂ ಒಂದು ಮಾತು. ಹಾಡು ಕೇಳಿಸುತ್ತಿಲ್ಲವೆಂದು ಸುಮ್ಮನೆ ವಾಲ್ಯೂಮ್ ಏರಿಸಬೇಡಿ. ಕಾರಣ ಕಿವಿಯ ಗುಗ್ಗೆಯೂ ಇರಬಹುದು, ಕಿವಿ ಮಂದವಾಗಿರುವುದೂ ಇರಬಹುದು. ಕಿವಿ ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಪರೀಕ್ಷೆಗೆಂದೇ ಹೆಸರಾಗಿದೆ. ಇಯರ್‌ಫೋನನ್ನು ಒಬ್ಬರದನ್ನೊಬ್ಬರು ಬಳಸುವುದಾದರೆ ಟೋಪಿಗಳನ್ನು ಬಿಚ್ಚಿ ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿಕೊಳ್ಳಿ.

ಮೊಮ್ಮಕ್ಕಳಿಗೆ ಕೊಡಿಸುವಾಗ ಒಂದು ಕರಾರು ಮಾಡಿಕೊಳ್ಳಿ. ಅರ್ಧ ಹಣ ಅವರ ಉಳಿತಾಯದ ಡಬ್ಬಿಯಿಂದ, ಇನ್ನರ್ಧ ನಿಮ್ಮ ಪಿಂಚಣಿಯಿಂದ. ಸ್ವಂತ ದುಡ್ಡು ಹಾಕಿದ ಮಗು ವೈರನ್ನು ಎಳೆಯುವುದಿಲ್ಲ. ಅಮ್ಮ ಕರೆದಾಗ ಕೇಳಿಸದಿದ್ದರೆ ಇಯರ್‌ಫೋನ್ ಒಂದು ದಿನ ಅಜ್ಜಿಯ ಬೀರುವಿನಲ್ಲಿ ಎಂಬ ಷರತ್ತೂ ಇರಲಿ. ಆ ಷರತ್ತು ಅಜ್ಜನಿಗೂ ಅನ್ವಯಿಸಬೇಕು.